ಒಳಕಿವಿಯ ತೊಂದರೆಯಾಗಿ ಹನ್ನೊಂದು ತಿಂಗಳಾದರೂ ಓಲಾಟ ನಿಂತಿಲ್ಲ. ಚೇತರಿಸಿಕೊಂಡವರು ದಾರಿ ತಿಳಿಸುವಿರಾ?

ಪ್ರಶ್ನೆ: ಶಿವಮೊಗ್ಗದ ಶಿಕ್ಷಕಿ

ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ, ವಯಸ್ಸು 44. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಏಳುವಾಗ ಇಡೀ ಕೋಣೆ ಗಿರಗಿರನೆ ತಿರುಗತೊಡಗಿ, ಎರಡು ದಿನ ಬಿಡದ ವಾಂತಿಯಿಂದ ಹಾಸಿಗೆ ಹಿಡಿದೆ. ಮನೆಯವರು ಪಿತ್ತವೆಂದು ತಿಳಿದು ಜೀರಿಗೆ ಕಷಾಯ ಕೊಟ್ಟರು. ಮೊದಲು ನೋಡಿದ ವೈದ್ಯರು ಬಿ.ಪಿ. ಏರುಪೇರಾಗಿದೆ ಎಂದರು. ಮೂರನೆಯ ದಿನ ಕಿವಿ, ಮೂಗು, ಗಂಟಲು ತಜ್ಞರು ಪರೀಕ್ಷಿಸಿ, ಬಲ ಒಳಕಿವಿಯಿಂದ ಮಿದುಳಿಗೆ ಸಮತೋಲನದ ಸೂಚನೆ ಒಯ್ಯುವ ನರ ಉರಿಯೂತಕ್ಕೆ ಒಳಗಾಗಿದೆ, ಇದು ವೆಸ್ಟಿಬ್ಯುಲರ್ ನ್ಯೂರೈಟಿಸ್ ಎಂದು ತಿಳಿಸಿದರು. ಕೇಳಿಸುವುದರಲ್ಲಿ ಕೊರತೆಯಿಲ್ಲ, ಎಂ.ಆರ್.ಐ. ಕೂಡ ಸರಿಯಾಗಿಯೇ ಬಂದಿದೆ.

ಕೋಣೆ ತಿರುಗುವುದು ವಾರದೊಳಗೆ ನಿಂತಿತು, ಆದರೆ ದೋಣಿಯಲ್ಲಿ ನಿಂತಂತಹ ಓಲಾಟ ಇಂದಿಗೂ ಹೋಗಿಲ್ಲ. ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳ ಕಡೆಗೆ ತಿರುಗಿದ ಕ್ಷಣದಲ್ಲಿ ಅವರ ಮುಖಗಳು ಕಲಸಿದಂತಾಗುತ್ತವೆ. ಸ್ನಾನ ಮಾಡುವಾಗ ಸೋಪಿನ ನೊರೆಗೆ ಕಣ್ಣು ಮುಚ್ಚಿದರೆ ಗೋಡೆ ಹಿಡಿಯಬೇಕು. ಸಾಲುಸಾಲು ಸಾಮಾನಿರುವ ಅಂಗಡಿಯಲ್ಲಿ ಐದು ನಿಮಿಷ ನಿಲ್ಲಲಾರೆ. ಆಗುಂಬೆ ಘಾಟಿ ಇಳಿದು ಉಡುಪಿಯ ತಾಯಿಮನೆಗೆ ಹೋಗದೆ ವರ್ಷವಾಗುತ್ತ ಬಂದಿತು. ತಲೆಸುತ್ತಿಗೆಂದು ಕೊಟ್ಟ ಬೀಟಾಹಿಸ್ಟಿನ್ ಜೊತೆಗೆ ಪ್ರೋಕ್ಲೋರ್‌ಪೆರಜಿನ್ ಮಾತ್ರೆಯನ್ನು ಈಗಲೂ ತೆಗೆದುಕೊಳ್ಳುತ್ತಿದ್ದೇನೆ. ತಲೆ ಅಲುಗಿಸದಂತೆ ಎಚ್ಚರವಹಿಸಿ ಆದಷ್ಟು ವಿಶ್ರಾಂತಿಯಲ್ಲಿದ್ದರೂ ಏಕೆ ಗುಣವಾಗುತ್ತಿಲ್ಲ?

ಉತ್ತರ 1: ಮೈಸೂರಿನ ಬ್ಯಾಂಕ್ ಉದ್ಯೋಗಿ

ಮೇಡಂ, ನಿಮ್ಮ ಪ್ರಶ್ನೆಯ ಕೊನೆಯ ಸಾಲನ್ನು ಓದಿದಾಗ ನನ್ನ ಮೊದಲ ಎಂಟು ತಿಂಗಳು ಕಣ್ಣೆದುರು ಬಂದವು. ನನಗೆ ಎಡಕಿವಿಯಲ್ಲಿ ಇದೇ ತೊಂದರೆಯಾಗಿತ್ತು. ನಾನೂ ಕತ್ತು ತಿರುಗಿಸದೆ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೆ. ಕೊನೆಗೆ ಕತ್ತು, ಹೆಗಲುಗಳು ಬಿಗಿದು ನೋಯತೊಡಗಿದವೇ ಹೊರತು ಓಲಾಟ ಕಡಿಮೆಯಾಗಲಿಲ್ಲ. ನಮ್ಮೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಮತೋಲನದ ಪರೀಕ್ಷೆಗಳನ್ನೂ ಮಾಡುತ್ತಾರೆ. ಪರೀಕ್ಷೆ ಮಾಡಿದವರು, ಎಡಭಾಗದ ಶಕ್ತಿ ಪೂರ್ತಿ ಮರಳದೆ ಇರಬಹುದು, ಆದರೆ ನೀವು ಮರಳಬಹುದು ಎಂದರು. ಆ ಮಾತು ಅರ್ಥವಾಗಲು ನನಗೆ ಅವರು ಹೇಳಿಕೊಟ್ಟ ಸಮತೋಲನದ ವ್ಯಾಯಾಮವನ್ನು ಎರಡು ತಿಂಗಳು ಮಾಡಬೇಕಾಯಿತು.

ವ್ಯಾಯಾಮದ ಮೊದಲ ವಾರ ಮೊದಲಿಗಿಂತ ಹೆಚ್ಚು ತಲೆಸುತ್ತಿತು. ಇದನ್ನು ಯಾರಾದರೂ ಮುಂಚೆಯೇ ಹೇಳಿದ್ದರೆ ನಾನು ಹೆದರಿ ಹತ್ತು ದಿನ ನಿಲ್ಲಿಸುತ್ತಿರಲಿಲ್ಲ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಉತ್ತರ 2: ಸಮತೋಲನದ ರೋಗಿಗಳನ್ನು ನೋಡುವ ಫಿಸಿಯೋಥೆರಪಿಸ್ಟ್

ಒಂದೊಂದು ಒಳಕಿವಿಯಲ್ಲಿಯೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಬಲಕ್ಕೆ ತಿರುಗಿದಾಗ ಒಂದು ಕಿವಿಯ ಸೂಚನೆ ಏರಿ ಇನ್ನೊಂದರದು ಇಳಿಯುತ್ತದೆ. ಈ ವ್ಯತ್ಯಾಸವನ್ನು ಓದಿಯೇ ಮಿದುಳು ಕಣ್ಣನ್ನು ಅಷ್ಟೇ ವೇಗದಲ್ಲಿ ಎಡಕ್ಕೆ ಸರಿಸುತ್ತದೆ, ಹಾಗಾಗಿ ನಾವು ನಡೆಯುತ್ತಿದ್ದರೂ ಎದುರಿನ ಫಲಕವನ್ನು ಓದಬಲ್ಲೆವು. ಬಲಗಡೆಯ ನರ ದುರ್ಬಲವಾದಾಗ ಈ ಲೆಕ್ಕ ತಪ್ಪುತ್ತದೆ. ಮಕ್ಕಳ ಮುಖಗಳು ಕಲಸಿದಂತೆ ಕಾಣುವುದು ಆ ತಪ್ಪಿನಿಂದಲೇ. ಮುಖ್ಯವಾದ ಸಂಗತಿಯೆಂದರೆ, ದೃಶ್ಯ ಜಾರಿತು ಎಂಬ ಆ ತಪ್ಪನ್ನು ಮತ್ತೆ ಮತ್ತೆ ಕಂಡಾಗ ಮಾತ್ರ ಮಿದುಳು ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ನೀವು ತಲೆ ಅಲುಗಿಸದೆ ಇದ್ದಷ್ಟು ಕಾಲ ತಿದ್ದಲು ಅದಕ್ಕೆ ತಪ್ಪೇ ಸಿಗುವುದಿಲ್ಲ. ಪ್ರೋಕ್ಲೋರ್‌ಪೆರಜಿನ್‌ನಂತಹ ತಲೆಸುತ್ತು ಅಡಗಿಸುವ ಮಾತ್ರೆಗಳು ಮೊದಲ ಕೆಲವು ದಿನಗಳ ವಾಂತಿಗೆ ಬೇಕು; ತಿಂಗಳುಗಟ್ಟಲೆ ಮುಂದುವರಿದರೆ ಈ ಕಲಿಕೆಗೆ ಅಡ್ಡಿಯಾಗುತ್ತವೆ, ಕೈನಡುಕದಂತಹ ತೊಂದರೆಯನ್ನೂ ತರಬಹುದು. ತಾವಾಗಿಯೇ ನಿಲ್ಲಿಸದೆ, ಇದನ್ನೇ ನಿಮ್ಮ ತಜ್ಞರನ್ನು ಕೇಳಿ.

ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಒಂದು ಅಕ್ಷರ ಬರೆದ ಚೀಟಿ ಅಂಟಿಸಿ, ಮೊದಲು ಕುಳಿತು, ಅಕ್ಷರದಿಂದ ದೃಷ್ಟಿ ಕದಲಿಸದೆ ತಲೆಯನ್ನು ಎಡಬಲಕ್ಕೆ ಒಂದು ನಿಮಿಷ ಆಡಿಸಿ. ಬಳಿಕ ಮೇಲೆ ಕೆಳಗೆ. ಅಕ್ಷರ ಮಸುಕಾಗುವ ಅಂಚಿನಲ್ಲಿರುವುದೇ ಸರಿಯಾದ ವೇಗ. ಹಳೆಯ ತೊಂದರೆಯಿದ್ದವರಿಗೆ ದಿನಕ್ಕೆ ಮೂರರಿಂದ ಐದು ಬಾರಿಯಾಗಿ ಒಟ್ಟು 20 ನಿಮಿಷವಾದರೂ ಬೇಕು, ನಾಲ್ಕಾರು ವಾರ ಬಿಡದೆ ನಡೆಯಬೇಕು. ಅನಂತರ ನಿಂತು, ಪಾದ ಜೋಡಿಸಿ, ಮಡಚಿದ ಹಾಸಿಗೆಯ ಮೇಲೆ ನಿಂತು, ಚೀಟಿಯ ಹಿಂದೆ ಗೆರೆಗೆರೆಯ ಪರದೆ ಇಳಿಬಿಟ್ಟು ಮಾಡಬೇಕು. ನಿಂತು ಮಾಡುವಾಗ ಹಿಂದೆ ಮಂಚ, ಪಕ್ಕದಲ್ಲಿ ಒಬ್ಬರು ಇರಲಿ. ವ್ಯಾಯಾಮದಿಂದ ಎದ್ದ ತಲೆಸುತ್ತು ಕಾಲು ಗಂಟೆಯೊಳಗೆ ತಗ್ಗಿದರೆ ಪ್ರಮಾಣ ಸರಿಯಿದೆ. ಮಧ್ಯಾಹ್ನದವರೆಗೂ ಕಾಡಿದರೆ ಮರುದಿನ ತಗ್ಗಿಸಿ. 1940ರ ದಶಕದಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ರೂಪಿಸಿದ ಕ್ರಮದಲ್ಲಿ ಚೆಂಡನ್ನು ಎಸೆದು ಹಿಡಿಯುವುದೂ ಇತ್ತು. ನನಗೆ ಅದು ಇಂದಿಗೂ ಅತ್ಯಂತ ಪ್ರಿಯವಾದ ಭಾಗ, ಏಕೆಂದರೆ ಚೆಂಡಿನ ಮೇಲೆ ಮನಸ್ಸಿಟ್ಟವರು ತಮ್ಮ ಓಲಾಟವನ್ನು ಕಾಯುವುದನ್ನು ಬಿಡುತ್ತಾರೆ.

ಆ ಕಾಯುವಿಕೆಯೂ ಕಾಯಿಲೆಯ ಭಾಗವಾಗಬಲ್ಲದು. ಮೂರು ತಿಂಗಳಿಗೂ ಮೀರಿ ಹೆಚ್ಚಿನ ದಿನಗಳಲ್ಲಿ ಓಲಾಟವಿದ್ದು, ನಿಂತಾಗ, ಚಲಿಸುವಾಗ, ತುಂಬಿದ ಅಂಗಡಿಗಳಲ್ಲಿ ಅದು ಹೆಚ್ಚುವ ಸ್ಥಿತಿಗೆ ಪಿ.ಪಿ.ಪಿ.ಡಿ. (ಪರ್ಸಿಸ್ಟೆಂಟ್ ಪೋಸ್ಚುರಲ್-ಪರ್ಸೆಪ್ಚುಯಲ್ ಡಿಜ್ಜಿನೆಸ್) ಎಂಬ ಹೆಸರಿದೆ, ಅದರ ಲಕ್ಷಣಗಳನ್ನು ಸಮತೋಲನದ ತೊಂದರೆಗಳ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ 2017ರಲ್ಲಿ ನಿಗದಿಪಡಿಸಿತು. ಇದು ಮನಸ್ಸಿನ ಭ್ರಮೆಯಲ್ಲ. ನರ ಸುಧಾರಿಸಿದ ಮೇಲೂ ಮಿದುಳು ಅಪಾಯದ ದಿನಗಳ ಎಚ್ಚರದಲ್ಲಿಯೇ ಉಳಿದು, ಕಣ್ಣನ್ನು ಅತಿಯಾಗಿ ನಂಬುತ್ತದೆ. ಅಂಗಡಿಗೆ ಹೋಗುವುದನ್ನು ಬಿಡದೆ, ಜನವಿಲ್ಲದ ವೇಳೆಯಲ್ಲಿ ಎರಡೇ ನಿಮಿಷದಿಂದ ಆರಂಭಿಸಿ.

ಹಾಸಿಗೆಯಲ್ಲಿ ಹೊರಳಿದಾಗ ಒಂದು ನಿಮಿಷಕ್ಕಿಂತ ಕಡಿಮೆ ಕಾಲ ಕೋಣೆ ತಿರುಗಿದರೆ ಅದು ಬೇರೆ: ಒಳಕಿವಿಯ ಸಣ್ಣ ಹರಳುಗಳು ಜಾರಿರಬಹುದು, ಅದಕ್ಕೆ ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನವಿದೆ. ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು, ಹಠಾತ್ತನೆ ಕಿವಿ ಕೇಳಿಸದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉತ್ತರ 3: ಪುತ್ತೂರಿನ ಗೃಹಿಣಿ

ಒಂದು ಮಾತು ಸೇರಿಸುತ್ತೇನೆ. ನನಗೆ ಎರಡು ವರ್ಷ ಒಳಕಿವಿಯ ಮಾತ್ರೆಗಳನ್ನೇ ಕೊಟ್ಟರು. ಕೊನೆಗೆ ತಿಳಿದದ್ದು ಮೈಗ್ರೇನ್‌ನಿಂದಲೇ ಬರುವ ತಲೆಸುತ್ತು. ಅದರಲ್ಲಿ ಪ್ರತಿ ಸಲವೂ ತಲೆನೋವು ಇರಬೇಕೆಂದಿಲ್ಲ. ಬೆಳಕು, ಸದ್ದು ಸಹಿಸಲಾಗದ ದಿನಗಳನ್ನೂ, ನಿದ್ದೆ ಕೆಟ್ಟ ರಾತ್ರಿಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿರಿ.

ಪ್ರಶ್ನೆ ಕೇಳಿದವರಿಂದ, ಹತ್ತು ವಾರಗಳ ಬಳಿಕ

ಎಲ್ಲರಿಗೂ ಮನಸಾರೆ ವಂದನೆಗಳು. ತಜ್ಞರು ಪ್ರೋಕ್ಲೋರ್‌ಪೆರಜಿನ್ ಅನ್ನು ಹಂತಹಂತವಾಗಿ ನಿಲ್ಲಿಸಿದರು, ಫಿಸಿಯೋಥೆರಪಿಗೂ ಕಳುಹಿಸಿದರು. ಚೀಟಿಯ ಮೇಲೆ "ಕ" ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಹಾಲು ಕಾಯುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ. ಓಲಾಟ ಪೂರ್ತಿ ಹೋಗಿಲ್ಲ, ಕಣ್ಣು ಮುಚ್ಚಿ ತಲೆ ತೊಳೆಯುವಾಗ ಈಗಲೂ ಗೋಡೆಗೆ ಕೈ ಆನಿಸುತ್ತೇನೆ. ಆದರೆ ಕಳೆದ ಸೋಮವಾರ ಪ್ರಮೇಯವೊಂದನ್ನು ಬಿಡಿಸಿ ತರಗತಿಯ ಕಡೆಗೆ ತಿರುಗಿದಾಗ, ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದ್ದು ಸ್ಪಷ್ಟವಾಗಿ ಕಂಡಿತು. ಆಗುಂಬೆಯ ತಿರುವುಗಳಿಗೆ ಇನ್ನೂ ಧೈರ್ಯ ಸಾಲದು. ಬರುವ ಭಾನುವಾರ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ತೀರ್ಥಹಳ್ಳಿಯವರೆಗೆ ಹೋಗಿ ಬರುತ್ತೇನೆ.