ಟೇಪ್ ಕಪ್ಪಾಗಿದೆ, ಡ್ರಮ್ ಒಳಗೆ ಬಟ್ಟೆ ಒದ್ದೆ: ಬಳಸಬಹುದೇ?

ಪ್ರಶ್ನೆ: ಓಟಿ (ಆಪರೇಶನ್ ಥಿಯೇಟರ್) ಸಿಸ್ಟರ್, ಇಂಡಿ

20 ಹಾಸಿಗೆಯ ನರ್ಸಿಂಗ್ ಹೋಮ್. ಹೆರಿಗೆ, ಸಿಸೇರಿಯನ್, ಹರ್ನಿಯಾ ಕೇಸುಗಳು. ಆಟೋಕ್ಲೇವ್ (ಒತ್ತಡದ ಉಗಿಯಿಂದ ಕ್ರಿಮಿ ಕೊಲ್ಲುವ ಯಂತ್ರ) ಅಡ್ಡ ಸಿಲಿಂಡರ್ ಮಾದರಿ, ಸುತ್ತ ಉಗಿ ತುಂಬುವ ಜಾಕೆಟ್ ಇದೆ, ವ್ಯಾಕ್ಯೂಮ್ ಪಂಪ್ ಇಲ್ಲ. 15 ಪೌಂಡ್ ಒತ್ತಡ ಬಂದಮೇಲೆ 20 ನಿಮಿಷ ಇಡುತ್ತೇವೆ. ಮೇಲೆ ಅಂಟಿಸಿದ ಇಂಡಿಕೇಟರ್ ಟೇಪಿನ ಗೆರೆ ಕಪ್ಪಾಗುತ್ತದೆ, ಆದರೆ ಡ್ರಮ್ (ಬಟ್ಟೆ ತುಂಬುವ ತೂತಿನ ಡಬ್ಬಿ) ನಡುವಿನ ಗೌನು, ಮಾಪ್ (ರಕ್ತ ಒರೆಸುವ ಬಟ್ಟೆ) ಒದ್ದೆ ಇರುತ್ತವೆ. ಆರ್ಟರಿ (ರಕ್ತನಾಳ ಹಿಡಿಯುವ ಚಿಮಟ), ಕತ್ತರಿ ಮೇಲೆ ಬಿಳಿ ಕಲೆ, ಕೀಲಿನಲ್ಲಿ ಕಂದು. ನೀರು ಬೋರಿನದು, ಸವಳು. ಒದ್ದೆ ಇದ್ದರೆ ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಒಣಗಿಸಿ ಬಳಸುವ ರೂಢಿ ಇದೆ. ಇದು ಸರಿಯೇ? ಈ ವರ್ಷ ಹೊಸ ಮಷೀನ್ ಬರುವುದಿಲ್ಲ, ಇರುವುದರಲ್ಲೇ ದಾರಿ ಬೇಕು.

ಉತ್ತರ: ಸಿಎಸ್‌ಎಸ್‌ಡಿ (ಆಸ್ಪತ್ರೆಯ ಕ್ರಿಮಿಶುದ್ಧಿ ವಿಭಾಗ) ಟೆಕ್ನಿಷಿಯನ್, ವಿಜಯಪುರ

ಸರಿ ಅಲ್ರಿ. ಒದ್ದೆ ಡ್ರಮ್ ಅಂದ್ರ ಸ್ಟೆರೈಲ್ ಅಲ್ಲ. ನೀರು ಇದ್ದಲ್ಲಿ ಹೊರಗಿನ ಕ್ರಿಮಿ ಅರಿವಿ ಎಳಿ ಹಿಡಿದು ಒಳಗ ಇಳೀತಾವ. ಮ್ಯಾಲೆ ಫ್ಯಾನ್ ಹಚ್ಚಿದ್ರ ನಮ್ಮ ಕಡೆ ಧೂಳು ಎಲ್ಲಾ ಒಳಗೇ ಹೋಗ್ತೈತಿ. ಇಡೀ ಡ್ರಮ್ ಬಿಚ್ಚಿ, ಒಣಾ ಅರಿವಿ ಹಾಕಿ, ಮತ್ತ ಮೊದಲಿಂದ ಸೈಕಲ್ ನಡಸ್ರಿ.

ಟೇಪ್ ನಂಬಬ್ಯಾಡ್ರಿ. ಈ ಡ್ರಮ್ ಮಷೀನ್ ಒಳಗ ಹೋಗಿ ಬಂದೈತಿ ಅನ್ನೋದಷ್ಟೇ ಅದು ಹೇಳ್ತೈತಿ, ನಡುವಿನ ಮಡಿಕಿ ತನಕ ಉಗಿ ಮುಟ್ಟಿತೋ ಇಲ್ಲೋ ಅದಕ್ಕ ಗೊತ್ತಿಲ್ಲ. ಡ್ರಮ್ ನಟ್ಟನಡುವ ಕ್ಲಾಸ್ 5 ಇಂಡಿಕೇಟರ್ ಪಟ್ಟಿ (ಉಗಿ, ಬಿಸಿ, ಹೊತ್ತು ಮೂರೂ ಸಾಕಾದ್ರಷ್ಟೇ ಪಾಸ್ ತೋರಸೋದು) ಇಡ್ರಿ.

20 ನಿಮಿಷ ಸಾಲಂಗಿಲ್ಲ. ಸುತ್ತದ ಬಿಡಿ ಇನ್ಸ್ಟ್ರುಮೆಂಟಿಗೆ ಅಷ್ಟು ನಡೀತೈತಿ. ಅರಿವಿ ಸುತ್ತಿದ ಸೆಟ್‌ಗೆ, ಡ್ರಮ್‌ಗೆ 121 ಡಿಗ್ರಿಯೊಳಗ ಪೂರಾ 30 ನಿಮಿಷ ಬೇಕು. ಆ 30 ಎಣಿಸೋದು ಡ್ರೇನ್ (ಚೇಂಬರ್ ತಳದಾಗ ಗಾಳಿ, ನೀರು ಹೊರಗ ಹೋಗೋ ದಾರಿ) ಕಡೆ ಥರ್ಮಾಮೀಟರ್ 121 ಮುಟ್ಟಿದಮ್ಯಾಲೆ. ನಡುವ ಕರೆಂಟ್ ಹೋದ್ರ ಉಳಿದ ನಿಮಿಷ ಕೂಡಸಂಗಿಲ್ಲ, ಮತ್ತ ಸೊನ್ನಿಂದ.

ಈಗ ತುಂಬೋ ರೀತಿ. ವ್ಯಾಕ್ಯೂಮ್ ಇಲ್ಲದ ಮಷೀನಿನೊಳಗ ಉಗಿ ಮ್ಯಾಲಿಂದ ಬಂದು ಭಾರದ ಗಾಳಿನ ಕೆಳಗ ತಳ್ಳಬೇಕು. ಡ್ರಮ್ ನೆಟ್ಟಗ ನಿಲ್ಲಿಸಿದ್ರ ತಳದಾಗ ಗಾಳಿ ಕೂಡ್ತೈತಿ, ಹೊರಗ ಬರಾಕ ದಾರಿನ ಇಲ್ಲ. ಅಡ್ಡ ಮಲಗಿಸ್ರಿ, ತೂತಿನ ಪಟ್ಟಿ ಸರಿಸಿ, ಒಂದು ಸಾಲು ಮ್ಯಾಲೆ, ಒಂದು ಸಾಲು ಕೆಳಗ ಬರೂ ಹಂಗ. ಗೌನು ಒತ್ತಿ ತುರುಕಬ್ಯಾಡ್ರಿ, ಮಡಿಕಿ ನಡುವ ಅಂಗೈ ಸಲೀಸಾಗಿ ಹೋಗಬೇಕು. ಲಿನನ್ ಗಂಟು ಸುಮಾರು 5 ಕೆಜಿ ಒಳಗ ಇರ್ಲಿ. ಇನ್ಸ್ಟ್ರುಮೆಂಟ್ ಟ್ರೇ ಯಾವಾಗಲೂ ಕೆಳಗಿನ ಹಲಗಿ ಮ್ಯಾಲೆ. ಮ್ಯಾಲಿಟ್ರ ಕಬ್ಬಿಣದ ಮ್ಯಾಲೆ ಕೂತ ನೀರು ಅರಿವಿ ಮ್ಯಾಲೆ ತೊಟ್ಟಿಕ್ಕತೈತಿ. ಎಷ್ಟೋ ಕಡೆ ಒದ್ದಿಗೆ ಇದೊಂದೇ ಕಾರಣ.

ಹೊತ್ತು ಮುಗದಮ್ಯಾಲೆ ಚೇಂಬರ್ ಉಗಿ ಪೂರಾ ಬಿಡ್ರಿ, ಜಾಕೆಟ್ ಉಗಿ ಹಂಗ ಇರ್ಲಿ. ಗೇಜ್ ಸೊನ್ನಿ ತೋರಸಿದಮ್ಯಾಲೆ ಬಾಗಲಾ ಎರಡು ಬೆರಳಷ್ಟು ಸರಿಸಿ 20–30 ನಿಮಿಷ ಬಿಡ್ರಿ. ತಗದ ಕೂಡ್ಲೆ ಡ್ರಮ್ ತೂತು ಮುಚ್ಚಿ, ತಂಪು ಫರಶಿ ಮ್ಯಾಲೆ ಇಡದ ತಂತಿ ಜಾಳಿಗಿ ಮ್ಯಾಲೆ ಆರಾಕ ಬಿಡ್ರಿ. ಬಿಸಿ ಡ್ರಮ್ ತಂಪು ಕಲ್ಲಿಗೆ ಹತ್ತಿದ್ರ ತಳದಾಗ ಮತ್ತ ನೀರು ಕೂಡ್ತೈತಿ.

ಇನ್ನೊಂದು ಮಾತು, ಇದನ್ನ ಭಾಳ ಮಂದಿ ಬಿಡ್ತಾರ. ಏಪ್ರಿಲ್–ಮೇ ಬಿಸಲಾಗ ಒಣಗಿ ಗರಿಗರಿ ಆದ ಅರಿವಿ ನೇರ ಡ್ರಮ್‌ಗೆ ಹಾಕಬ್ಯಾಡ್ರಿ. ಅತೀ ಒಣಗಿದ ಹತ್ತಿ ಉಗಿಯ ತೇವ ಹೀರಿ ತಾನ ಕಾಯ್ತೈತಿ, ಸುತ್ತಲಿನ ಉಗಿ ಒಣಾ ಉಗಿ ಆಗ್ತೈತಿ, ಅದಕ್ಕ ಕೊಲ್ಲೂ ಶಕ್ತಿ ಕಡಿಮಿ. ಅರಿವಿ ಕಂದು ತಿರುಗಿದ್ರ ಇದೇ ಅಂತ ಸಂಶಯ ಪಡ್ರಿ. ನೆರಳಾಗ, ಮುಚ್ಚಿದ ಕೋಣ್ಯಾಗ ಕೆಲವು ತಾಸು ಇಟ್ಟು ಆಮ್ಯಾಲೆ ತುಂಬ್ರಿ. ಹೊಸ ಕೋರಾ ಬಟ್ಟಿ ಇದ್ರ ಗಂಜಿ ಹೋಗೂ ತನಕ ಒಗೀರಿ.

ಉತ್ತರ: ಬಯೋಮೆಡಿಕಲ್ ಎಂಜಿನಿಯರ್, ಬೆಳಗಾವಿ

ಮೇಲಿನದು ಪೂರ್ತಿ ಒಪ್ಪುತ್ತೇನೆ. ಅವರು "ಥರ್ಮಾಮೀಟರ್ ನೋಡಿ" ಎಂದದ್ದಕ್ಕೆ ನಮ್ಮ ಭಾಗದಲ್ಲಿ ವಿಶೇಷ ಕಾರಣವೇ ಇದೆ. 15 ಪೌಂಡ್ ಎಂದರೆ 121 ಡಿಗ್ರಿ ಎಂಬ ಲೆಕ್ಕ ಸಮುದ್ರಮಟ್ಟದ್ದು. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಇದೆ ಎಂಬುದನ್ನು. ಬೆಳಗಾವಿ ಸುಮಾರು 750 ಮೀಟರ್ ಎತ್ತರ, ವಿಜಯಪುರ ಸುಮಾರು 600. ಹೊರಗಿನ ಗಾಳಿಯೇ ಹಗುರ. ಹೀಗಾಗಿ ಇಲ್ಲಿ 15 ಪೌಂಡ್‌ಗೆ ಒಳಗಿನ ಬಿಸಿ 120 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ಡಿಗ್ರಿ ತಾನೇ ಎನ್ನಬೇಡಿ: 121ರಲ್ಲಿ 30 ನಿಮಿಷಕ್ಕೆ ಆಗುವ ಕೆಲಸಕ್ಕೆ 120ರಲ್ಲಿ ಸುಮಾರು 38 ನಿಮಿಷ ಬೇಕು. ವಿಜಯಪುರದ ಕಡೆ 16 ಪೌಂಡ್, ಬೆಳಗಾವಿಯಲ್ಲಿ ಅದಕ್ಕಿಂತ ಚೂರು ಮೇಲೆ ಬೇಕಾಗುತ್ತದೆ. ಪ್ರೆಶರ್ ಸ್ವಿಚ್ ಹೊಂದಿಸುವುದು ಟೆಕ್ನಿಷಿಯನ್ ಕೆಲಸ. ಸೇಫ್ಟಿ ವಾಲ್ವನ್ನು ಯಾರೂ ಮುಟ್ಟಬಾರದು.

ಒದ್ದೆಗೂ ನಿಮ್ಮ ಬೋರ್ ನೀರಿಗೂ ನೇರ ಸಂಬಂಧ ಇದೆ. ಸವಳು ನೀರು ಕುದಿಯುತ್ತಾ ಹೋದಂತೆ ಬಾಯ್ಲರಿನಲ್ಲಿ ಲವಣ ದಟ್ಟವಾಗಿ, ಹಾಲು ಉಕ್ಕುವ ಹಾಗೆ ನೊರೆ ಏಳುತ್ತದೆ. ಉಗಿಯ ಜೊತೆ ನೀರಿನ ಹನಿಗಳೂ ಚೇಂಬರಿಗೆ ಬರುತ್ತವೆ. ಹನಿ ಒಣಗಿದಲ್ಲಿ ಬಿಳಿ ಕಲೆ. ಆರ್‌ಒ ನೀರು ಹಾಕಿ. ವಾರ್ಡಿನ ಕುಡಿಯುವ ನೀರಿನ ಯಂತ್ರದ್ದೇ ಸಾಕು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಮೀಟರ್ ಹಿಡಿದು ನೋಡಿ. ಒಂದೇ ಎಚ್ಚರಿಕೆ: ನೀರಿನ ಮಟ್ಟ ಹಿಡಿಯಲು ಎಲೆಕ್ಟ್ರೋಡ್ ಕಡ್ಡಿ ಇರುವ ಮಷೀನಿಗೆ ಪೂರ್ತಿ ಡಿಸ್ಟಿಲ್ಡ್ ನೀರು ಹಾಕಿದರೆ ಕಡ್ಡಿಗೆ ನೀರು ಇರುವುದೇ ತಿಳಿಯದೆ ಹೀಟರ್ ಹೊತ್ತುವುದಿಲ್ಲ. ಹೀಟರ್ ಆರಿಸಿ, ಒತ್ತಡ ಸೊನ್ನೆಗೆ ಇಳಿದಮೇಲೆ ದಿನಾ ಬಾಯ್ಲರ್ ನೀರು ಖಾಲಿ ಮಾಡಿ.

ಸುಣ್ಣ ಕಟ್ಟಿದ ಹೀಟರಿಗೆ ಸಿಟ್ರಿಕ್ ಆಸಿಡ್ ದ್ರಾವಣ, ಮಷೀನಿನ ಪುಸ್ತಕ ಹೇಳಿದ ಪ್ರಮಾಣದಲ್ಲಿ. ಬಚ್ಚಲು ತೊಳೆಯುವ ಆಸಿಡ್ ಎಂದೂ ಬೇಡ, ಅದರ ಕ್ಲೋರೈಡ್ ಸ್ಟೀಲನ್ನು ಚುಚ್ಚಿದ ಹಾಗೆ ತೂತು ಮಾಡುತ್ತದೆ. ಚೇಂಬರ್ ತಳದ ಡ್ರೇನ್ ಜಾಲರಿಯನ್ನು ದಿನಾ ಬೆಳಿಗ್ಗೆ ಮಷೀನ್ ತಣ್ಣಗಿರುವಾಗ ತೆಗೆದು ತೊಳೆಯಿರಿ. ಗಾಸಿನ ನೂಲು ಕಟ್ಟಿಕೊಂಡರೆ ಗಾಳಿಯೂ ಹೋಗದು, ನೀರೂ ಹೋಗದು.

ಉತ್ತರ: ಸೋಂಕು ನಿಯಂತ್ರಣ ನರ್ಸ್, ಬಾಗಲಕೋಟೆ

ಕೀಲಿನ ಕಂದು ಸುಣ್ಣವಲ್ಲ. ಒಣಗಿದ ರಕ್ತ ಅಥವಾ ತುಕ್ಕು. ಕೇಸ್ ಮುಗಿದ ತಕ್ಷಣ ಇನ್ಸ್ಟ್ರುಮೆಂಟನ್ನು ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್) ಬಕೆಟ್ಟಿಗೆ ಹಾಕುವ ಅಭ್ಯಾಸ ಇದ್ದರೆ ಅದೇ ಮೂಲ. ಹೈಪೋಕ್ಲೋರೈಟ್ ಸ್ಟೀಲನ್ನು ತಿನ್ನುತ್ತದೆ, ಜೊತೆಗೆ ರಕ್ತವನ್ನು ಗಟ್ಟಿ ಅಂಟಿಸುತ್ತದೆ. ಸಲೈನೂ ಬೇಡ, ಅದೂ ಉಪ್ಪೇ. ನಮ್ಮ ಸೆಕೆಯಲ್ಲಿ ರಕ್ತ ನಿಮಿಷಗಳಲ್ಲೇ ಒಣಗುತ್ತದೆ, ಆದ್ದರಿಂದ ಸಾದಾ ನೀರಿನ ಒದ್ದೆ ಟವೆಲ್ ಹೊದಿಸಿ ತೊಳೆಯುವ ಜಾಗಕ್ಕೆ ಒಯ್ಯಿರಿ. ಎನ್ಜೈಮ್ ಕ್ಲೀನರಿನಲ್ಲಿ ಕೀಲು ಬಿಚ್ಚಿ ನೆನೆಸಿ; ನೀರು ಉಗುರುಬೆಚ್ಚಗಿರಲಿ, ಕುದಿ ನೀರಿಗೆ ಪ್ರೋಟೀನ್ ಹೆಪ್ಪುಗಟ್ಟುತ್ತದೆ. ಬ್ರಷ್ ನೀರಿನ ಒಳಗೇ ಆಡಿಸಿ, ಮೇಲೆ ಆಡಿಸಿದರೆ ಮುಖಕ್ಕೆ ಸಿಡಿಯುತ್ತದೆ. ದಪ್ಪ ಗ್ಲೌಸ್, ಕನ್ನಡಕ ಕಡ್ಡಾಯ. ಕೊನೆಯ ಸಲ ತೊಳೆಯುವುದು ಆರ್‌ಒ ನೀರಿನಲ್ಲಿ, ಒರೆಸಿ ಒಣಗಿಸಿ, ಕೀಲು ತೆರೆದೇ ಪ್ಯಾಕ್ ಮಾಡಿ. ಕೊಳೆ ಉಳಿದ ಆರ್ಟರಿಯನ್ನು ಎಷ್ಟು ಹೊತ್ತು ಬೇಯಿಸಿದರೂ ಭರವಸೆ ಇಲ್ಲ.

ಹೈಪೋವನ್ನು ನೆಲದ ರಕ್ತಕ್ಕೆ ಇಟ್ಟುಕೊಳ್ಳಿ: 5 ಶೇಕಡಾದ್ದು ಒಂದು ಪಾಲು, ನೀರು ನಾಲ್ಕು ಪಾಲು, ಅಲ್ಲಿಗೆ 1 ಶೇಕಡಾ. ದಿನಾ ಹೊಸದಾಗಿ ಕಲಸಿ. ಬಿಸಿಲು ಬೀಳುವ ಕಿಟಕಿಯ ಬಳಿ ಕ್ಯಾನ್ ಇಟ್ಟರೆ ಸತ್ವ ಬೇಗ ಹೋಗುತ್ತದೆ.

ಓಟಿ ಸಿಸ್ಟರ್, ಇಂಡಿ

ಹೈಪೋ ಬಕೆಟ್ ಇದೆ, ಇವತ್ತೇ ನಿಲ್ಲಿಸುತ್ತೇವೆ. ಸ್ಪೋರ್ ಟೆಸ್ಟ್ (ಬಿಸಿ ತಡೆಯುವ ಕ್ರಿಮಿಬೀಜವೂ ಸತ್ತಿದೆಯೇ ನೋಡುವ ಪರೀಕ್ಷೆ) ಸಣ್ಣ ಆಸ್ಪತ್ರೆಯಲ್ಲಿ ಮಾಡಲು ಆಗುತ್ತದೆಯೇ?

ಉತ್ತರ: ಸೋಂಕು ನಿಯಂತ್ರಣ ನರ್ಸ್, ಬಾಗಲಕೋಟೆ

ಆಗುತ್ತದೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಸ್ಪೋರ್ ಇರುವ ಚಿಕ್ಕ ವಯಲ್ ಸಿಗುತ್ತದೆ. ವಾರಕ್ಕೊಮ್ಮೆಯಾದರೂ, ಅತಿ ಹೆಚ್ಚು ತುಂಬಿದ ಲೋಡಿನಲ್ಲಿ, ಡ್ರೇನ್ ಹತ್ತಿರದ ಡ್ರಮ್ ನಡುವೆ ಇಡಿ. ತೆಗೆದಮೇಲೆ ಒಳಗಿನ ಗಾಜು ಒಡೆದು, ಕಂಪನಿ ಹೇಳಿದ ಉಷ್ಣತೆಯಲ್ಲಿ, ಸಾಮಾನ್ಯವಾಗಿ 55–60 ಡಿಗ್ರಿ, ಇನ್‌ಕ್ಯುಬೇಟರಿನಲ್ಲಿ 24 ಅಥವಾ 48 ಗಂಟೆ. ಅದೇ ಬ್ಯಾಚಿನ ಇನ್ನೊಂದು ವಯಲನ್ನು ಆಟೋಕ್ಲೇವ್ ಮಾಡದೆ ಜೊತೆಗಿಡಿ. ಅದರ ಬಣ್ಣ ಬದಲಾಗಲೇಬೇಕು, ಇಲ್ಲದಿದ್ದರೆ ವಯಲೇ ಸತ್ತಿದೆ, ಪರೀಕ್ಷೆ ಲೆಕ್ಕಕ್ಕಿಲ್ಲ. ಇನ್‌ಕ್ಯುಬೇಟರ್ ಇಲ್ಲದಿದ್ದರೆ ವಿಜಯಪುರದ ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದಲ್ಲಿ ವಿಚಾರಿಸಿ.

ಆಟೋಕ್ಲೇವ್ ಆದ ವಯಲ್ ಬಣ್ಣ ಬದಲಿಸಿದರೆ ಸ್ಪೋರ್ ಬದುಕಿದೆ ಎಂದರ್ಥ; ಮಷೀನ್ ನಿಲ್ಲಿಸಿ, ಹಿಂದಿನ ಸರಿಯಾದ ಪರೀಕ್ಷೆಯ ನಂತರದ ಬಳಸದ ಡ್ರಮ್‌ಗಳನ್ನೆಲ್ಲ ವಾಪಸ್ ತರಿಸಿ. ಅದಕ್ಕೇ ಪ್ರತಿ ಡ್ರಮ್ ಮೇಲೆ ದಿನಾಂಕ, ಲೋಡ್ ನಂಬರ್, ಮಾಡಿದವರ ಸಹಿ ಬೇಕು, ಕೇಸ್ ಶೀಟಿನಲ್ಲೂ ಅದೇ ನಂಬರ್ ಬರೆಯಬೇಕು.