ಹೊಸ ವಿಚಾರ ಹೊಳೆಯದಿದ್ದಾಗ ನೀವು ಏನು ಮಾಡುತ್ತೀರಿ?

ಪ್ರಶ್ನೆ: ಉಪಕರಣಗಳನ್ನು ವಿನ್ಯಾಸಗೊಳಿಸುವ ತಂಡದಲ್ಲಿದ್ದೇನೆ. ಎಲ್ಲರೂ ಕುಳಿತು ಚರ್ಚಿಸಿದರೆ ಸುತ್ತಿ ಬಳಸಿ ಹಳೆಯ ವಿಚಾರಗಳಿಗೇ ಬಂದು ನಿಲ್ಲುತ್ತೇವೆ. ನಿಮಗೆ ಫಲ ಕೊಟ್ಟ ವಿಧಾನಗಳನ್ನು ದಯವಿಟ್ಟು ತಿಳಿಸಿ.

ಗ್ರಾಫಿಕ್ ವಿನ್ಯಾಸಕಿ: ಮಾತಿಗೆ ಮೊದಲು ಬರವಣಿಗೆ ಇರಲಿ. ಗುಂಪಿನಲ್ಲಿ ತೋಚಿದ್ದನ್ನೆಲ್ಲ ಹೇಳುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ, ಅಷ್ಟೇ ಜನ ಒಂಟಿಯಾಗಿ ಯೋಚಿಸಿದರೆ ಹೆಚ್ಚು ವಿಚಾರಗಳು ಬರುತ್ತವೆ ಎಂದು ಕಂಡುಬಂತು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು. ಸರದಿ ಬರುವಷ್ಟರಲ್ಲಿ ಹೊಳೆದದ್ದು ಮರೆತಿರುತ್ತದೆ, ಇಲ್ಲವೇ ಹೇಳುವ ಧೈರ್ಯ ಕರಗಿರುತ್ತದೆ. ನಾವು ಬರ್ನ್ಡ್ ರೋರ್‌ಬಾಖ್ 1968ರಲ್ಲಿ ಪ್ರಕಟಿಸಿದ 6-3-5 ವಿಧಾನವನ್ನು ಬಳಸುತ್ತೇವೆ. ಆರು ಜನ, ತಲಾ ಒಂದು ಹಾಳೆ, ಐದು ನಿಮಿಷದಲ್ಲಿ ಮೂರು ವಿಚಾರ. ಆಮೇಲೆ ಹಾಳೆ ಪಕ್ಕದವರ ಕೈಗೆ. ಅವರು ಓದಿ, ಬೆಳೆಸಿ, ತಮ್ಮ ಮೂರನ್ನು ಸೇರಿಸುತ್ತಾರೆ. ಆರು ಸುತ್ತು ಮುಗಿದರೆ ಅರ್ಧ ಗಂಟೆಯಲ್ಲಿ 108 ವಿಚಾರಗಳು. ಬಹುಪಾಲು ಕೆಲಸಕ್ಕೆ ಬಾರದವು, ನಿಜ. ಆದರೆ ಸಭೆಯಲ್ಲಿ ತುಟಿ ಬಿಚ್ಚದವರ ಯೋಚನೆಗಳು ನನಗೆ ಕಾಣಸಿಕ್ಕಿದ್ದೇ ಆ ಹಾಳೆಗಳಲ್ಲಿ. ಆಯ್ಕೆಯನ್ನು ಮಾತ್ರ ಮರುದಿನಕ್ಕೆ ಬಿಡಿ.

ಯಂತ್ರ ವಿನ್ಯಾಸದ ಎಂಜಿನಿಯರ್: ಒಪ್ಪುತ್ತೇನೆ. ಆದರೆ ಪ್ರಶ್ನೆಯೇ ಮಬ್ಬಾಗಿದ್ದರೆ ಸಾವಿರ ವಿಚಾರ ಬಂದರೂ ಪ್ರಯೋಜನವಿಲ್ಲ. ಮೊದಲು ಒಳಗಿನ ವಿರೋಧವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ‘ಇದು ದೊಡ್ಡದೂ ಆಗಿರಬೇಕು, ಚಿಕ್ಕದೂ ಆಗಿರಬೇಕು.’ ಎರಡರ ನಡುವೆ ರಾಜಿ ಮಾಡಿಕೊಳ್ಳಬೇಡಿ. ಯಾವಾಗ ದೊಡ್ಡದು, ಯಾವಾಗ ಚಿಕ್ಕದು ಎಂದು ಕೇಳಿ. ಮಡಿಸುವ ಕೊಡೆ ಇದಕ್ಕೆ ಉತ್ತರ: ಮಳೆಯಲ್ಲಿ ಅಗಲ, ಚೀಲದಲ್ಲಿ ಗೇಣುದ್ದ. ಸೋವಿಯತ್ ಒಕ್ಕೂಟದ ಗೆನ್ರಿಖ್ ಆಲ್ಟ್‌ಶುಲ್ಲರ್ ಪೇಟೆಂಟ್‌ಗಳನ್ನು ಪರಿಶೀಲಿಸಿ ರೂಪಿಸಿದ ‘ಟ್ರಿಜ್’ ಪದ್ಧತಿಯಲ್ಲಿ ಇಂತಹ 40 ಸೂತ್ರಗಳಿವೆ. ಎಲ್ಲವನ್ನೂ ಕಲಿಯಬೇಕಾಗಿಲ್ಲ. ವಿರೋಧವನ್ನು ಹೆಸರಿಟ್ಟು ಬರೆಯುವ ಅಭ್ಯಾಸವೊಂದೇ ನನ್ನ ಕೆಲಸದ ರೀತಿಯನ್ನು ಬದಲಿಸಿದೆ.

ಪೀಠೋಪಕರಣ ವಿನ್ಯಾಸಕ: ವಸ್ತುಗಳನ್ನು ಬಳಕೆಯ ಹೆಸರಿನಿಂದ ಕರೆಯಬೇಡಿ. ಮನಶ್ಶಾಸ್ತ್ರಜ್ಞ ಕಾರ್ಲ್ ಡುಂಕರ್ ಅವರ ಪ್ರಯೋಗದಲ್ಲಿ ಮೇಣದಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕಿತ್ತು. ಮೊಳೆ ತುಂಬಿದ್ದ ಡಬ್ಬವನ್ನೇ ಗೋಡೆಗೆ ಹೊಡೆದು ಆಸರೆ ಮಾಡಬಹುದೆಂದು ಹಲವರಿಗೆ ತೋಚಲಿಲ್ಲ; ಅವರ ಕಣ್ಣಿಗೆ ಅದು ಮೊಳೆ ಇಡುವ ಡಬ್ಬ ಮಾತ್ರ. ಡಬ್ಬವನ್ನು ಖಾಲಿಯಾಗಿ ಇಟ್ಟಾಗ ಹೆಚ್ಚು ಜನರಿಗೆ ತೋಚಿತು. ನಾನು ‘ಕುರ್ಚಿ’ ಎಂದು ಬರೆಯುವುದಿಲ್ಲ. ‘ಮೊಣಕಾಲೆತ್ತರದಲ್ಲಿ ಭಾರ ಹೊರುವ ಹಲಗೆ’ ಎಂದು ಬರೆಯುತ್ತೇನೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ನಮ್ಮ ತಂಡದಲ್ಲಿ ಇರುವುದು ನಾಲ್ವರೇ. ಹಾಳೆಯ ವಿಧಾನ ನಡೆಯುತ್ತದೆಯೇ?

ಗ್ರಾಫಿಕ್ ವಿನ್ಯಾಸಕಿ: ಖಂಡಿತ. ನಾಲ್ಕು ಸುತ್ತು ಇಡಿ. ಹಾಳೆಯ ಮೇಲೆ ಹೆಸರು ಬರೆಸಬೇಡಿ, ಅದರಲ್ಲೂ ತಂಡದ ಮುಖ್ಯಸ್ಥರು ಜೊತೆಗೆ ಕುಳಿತಿದ್ದರೆ.