ಪದ ಬೇಕು: ಪೇಗನ್ (ನಾಳೆ ಬೆಳಿಗ್ಗೆ ಪ್ರಿಂಟಿಗೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್.

ನಮ್ಮೂರ ವಾಚನಾಲಯದಲ್ಲಿ ತೆಯ್ಯಂ (ಉತ್ತರ ಕೇರಳದ, ನಮ್ಮ ಭೂತಕೋಲದಂಥ ಆರಾಧನೆ) ಫೋಟೋಗಳ ಪ್ರದರ್ಶನ ಇದೆ. ನೀಲೇಶ್ವರದ ಕಡೆ ತೆಗೆದವು. ತೆಗೆದವರು ಇಂಗ್ಲೆಂಡಿನವರು. ಅವರು ಬರೆದುಕೊಟ್ಟ ಒಂದು ಪುಟವನ್ನು ಕನ್ನಡ ಮಾಡಿ ಬಾಗಿಲಲ್ಲಿ ಫ್ಲೆಕ್ಸ್ ಹಾಕಬೇಕು. ಎರಡು ಕಡೆ ಸಿಕ್ಕಿಬಿದ್ದಿದ್ದೇನೆ. ಮೊದಲ ಸಾಲಿನಲ್ಲಿ ತೆಯ್ಯಂ ಒಂದು ‘ಪೇಗನ್ ಆಚರಣೆ’ ಅಂತ ಇದೆ. ಕೊನೆಗೆ ‘ನಾನೂ ಪೇಗನ್, ಹಾಗಾಗಿ ಇಲ್ಲಿ ಹೊರಗಿನವರಂತೆ ಅನ್ನಿಸಲಿಲ್ಲ’ ಅಂತ ಇದೆ. ಕೈಯಲ್ಲಿದ್ದ ನಿಘಂಟು ವಿಗ್ರಹಾರಾಧಕ, ಅನ್ಯಮತೀಯ, ನಾಸ್ತಿಕ ಅನ್ನುತ್ತದೆ. ಭೂತಸ್ಥಾನದ ಎದುರು ‘ನಾನೂ ನಾಸ್ತಿಕ’ ಅಂತ ಬೋರ್ಡು ಹಾಕಿದರೆ ನನ್ನ ಗತಿ ಏನು?

— ಬದಿಯಡ್ಕ

ನಿಘಂಟು ಮುಚ್ಚಿಡಿ. ಲ್ಯಾಟಿನ್ನಿನಲ್ಲಿ ‘ಪಾಗುಸ್’ ಅಂದರೆ ಕೆಲವು ಹಳ್ಳಿ ಸೇರಿದ ಸೀಮೆ. ನಮ್ಮ ಮಾಗಣೆಯೇ ಅದು. ಪಾಗಾನುಸ್ ಅಂದರೆ ಮಾಗಣೆಯವ. ಪೇಟೆಗಳಲ್ಲಿ ಕ್ರೈಸ್ತ ಮತ ಬೇಗ ಹಬ್ಬಿತು, ಹಳ್ಳಿಯವರು ಹಳೇ ದೇವರುಗಳನ್ನು ಬಿಡಲಿಲ್ಲ. 4ನೇ ಶತಮಾನದ ಹೊತ್ತಿಗೆ ‘ಹಳ್ಳಿಗ’ ಅಂದರೆ ‘ನಮ್ಮ ಮತಕ್ಕೆ ಬಾರದವ’ ಅಂತಾಯಿತು. ರೈತನಿಗೆ ಇಂಗ್ಲಿಷಿನಲ್ಲಿ ಅನ್ನುವ ‘ಪೆಸೆಂಟ್’ ಕೂಡ ಅದೇ ಬೇರಿನದು. ಗ್ರಾಮದಿಂದ ಹಿಂದಿಯವರ ಗಂವಾರ್, ಅಲ್ಲಿಂದ ನಮ್ಮ ಗಮಾರ. ಪೇಟೆಯವರ ಬಾಯಲ್ಲಿ ಹಳ್ಳಿ ಎಲ್ಲೆಲ್ಲೂ ಬೈಗುಳವೇ. ‘ಮಾಗಣೆಯ ಆಚರಣೆ’ ಅಂತ ಬರೆಯಿರಿ. ಬೇರೆ ಪದ ಹುಡುಕುವುದೇ ಬೇಡ.

— ಮಂಜೇಶ್ವರ

ಮಾಸ್ಟ್ರೇ, ಇಂಗ್ಲೆಂಡಿನವನು ‘ನಾನೂ ಮಾಗಣೆಯವ’ ಅಂದರೆ ಯಾವ ಮಾಗಣೆ, ಎಷ್ಟು ಮುಡಿ ಗದ್ದೆ ಅಂತ ಜನ ಕೇಳುತ್ತಾರೆ. ಬೇರು ಅಗೆದು ಪದ ಮಾಡುವುದು ಸುಮ್ನೆ ಕೆಲಸ. ಅದೂ ಆ ಬೇರು ಗಟ್ಟಿ ಇಲ್ಲ. ರೋಮಿನ ಸೈನಿಕರು ಪಟ್ಟಾಳಕ್ಕೆ ಸೇರದವನನ್ನೂ ಪಾಗಾನುಸ್ ಅನ್ನುತ್ತಿದ್ದರು. ನಾವು ಕ್ರಿಸ್ತನ ಸೈನಿಕರು ಅಂದುಕೊಂಡವರು ಅದನ್ನೇ ಎತ್ತಿಕೊಂಡರು ಅನ್ನುವವರೂ ಇದ್ದಾರೆ. 384ರಲ್ಲಿ ವಿಜಯದೇವಿಯ ಪೀಠವನ್ನು ಸೆನೆಟ್ಟಿನಲ್ಲಿ ಮತ್ತೆ ಇಡಿ ಅಂತ ಚಕ್ರವರ್ತಿಗೆ ಬರೆದ ಸಿಮ್ಮಾಕುಸ್ ರೋಮ್ ಪಟ್ಟಣದ ದೊಡ್ಡ ಅಧಿಕಾರಿ. ಅವನು ಹಳ್ಳಿ ಗಮಾರನಾ? ಪೇಗನ್ ಅಂತಲೇ ಬಿಡಿ. ಬಸ್ಸು ಬಂದಿಲ್ವಾ, ಬ್ಯಾಂಕು ಬಂದಿಲ್ವಾ?

— ಉಪ್ಪಳ

ಬಸ್ಸು ಎಂಬ ಪದದ ಜೊತೆ ಬಸ್ಸೂ ಬಂತು, ಹತ್ತಿ ಕೂತೆವು. ಇದರ ಜೊತೆ ಏನು ಬರುತ್ತದೆ? ಇಲ್ಲಿ ಮಲಯಾಳವನ್ನೇ ಕನ್ನಡ ಅಕ್ಷರದಲ್ಲಿ ಬರೆದು ‘ಇಗೋ ಕನ್ನಡ ಬೋರ್ಡು’ ಅನ್ನುವವರನ್ನು ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನೋಡುತ್ತಾ ಇದ್ದೇವೆ. ಈಗ ನಾವೂ ಶುರು ಮಾಡೋಣವೇ?

— ಮಂಜೇಶ್ವರ

‘ಆಚರಣೆ’ ಸಂಸ್ಕೃತ. ನಮಸ್ಕಾರ.

— ಉಪ್ಪಳ

ಇಬ್ಬರೂ ಪದ ಎಲ್ಲಿ ಹುಟ್ಟಿತು ಅಂತ ಜಗಳ ಆಡುತ್ತಿದ್ದೀರಿ. ಅಕ್ಕ ಕೇಳಿದ್ದು ಈಗ ಅದು ಯಾರ ಬಾಯಲ್ಲಿದೆ ಅನ್ನುವುದನ್ನು.

ನಮ್ಮ ‘ಪಾಷಂಡಿ’ಯನ್ನೇ ನೋಡಿ. ಅಶೋಕನ 12ನೇ ಬಂಡೆಶಾಸನದಲ್ಲಿ ‘ಪಾಸಂಡ’ ಅಂದರೆ ಯಾವುದೇ ಪಂಥ. ಎಲ್ಲ ಪಾಸಂಡಗಳನ್ನೂ ಗೌರವಿಸುತ್ತೇನೆ ಅನ್ನುತ್ತಾನೆ. ಅದರ ಒಂದು ಭಾಗ ಕಲಬುರಗಿ ಕಡೆಯ ಸನ್ನತಿಯಲ್ಲೂ ಸಿಕ್ಕಿದೆ. ಆಮೇಲೆ ಅದೇ ಪದ ಬೈಗುಳವಾಯಿತು. ಪೇಗನ್ ಹೋಗುತ್ತಿರುವುದು ಉಲ್ಟಾ ದಾರಿಯಲ್ಲಿ. ಬೈಗುಳವಾಗಿದ್ದದ್ದನ್ನು ಕೆಲವರು ಹೆಸರಾಗಿ ಇಟ್ಟುಕೊಂಡಿದ್ದಾರೆ. ಹಳೇ ದೇವತೆಗಳನ್ನು, ಋತುಗಳನ್ನು, ಮರ ನೀರನ್ನು ಪೂಜಿಸುವವರು. ಐಸ್‌ಲ್ಯಾಂಡಿನಲ್ಲಿ ಅಂಥವರು 1972ರಲ್ಲಿ ಸಂಘವನ್ನೇ ಕಟ್ಟಿಕೊಂಡರು. ಇಂಗ್ಲೆಂಡ್ ಮತ್ತು ವೇಲ್ಸಿನ 2021ರ ಜನಗಣತಿಯಲ್ಲಿ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಅಂತ ಬರೆಸಿದ್ದಾರೆ. ಹಾಗಾಗಿ ಕೊನೆಯ ಸಾಲಿನಲ್ಲಿ ಪೇಗನ್ ಹಾಗೇ ಇರಲಿ. ಒಬ್ಬರು ಹೇಳಿಕೊಂಡ ಹೆಸರನ್ನು ನಾವು ಅನುವಾದ ಮಾಡುವುದಿಲ್ಲ, ಅಲ್ವಾ?

ಮೊದಲ ಸಾಲಿನ ಕಥೆ ಬೇರೆ. ಕೋಲ ಕಟ್ಟುವವರಾಗಲಿ, ಹರಕೆ ಹೇಳುವವರಾಗಲಿ ತಮ್ಮನ್ನು ಪೇಗನ್ ಅಂದದ್ದಿಲ್ಲ. ಹೊರಗಿನವರು ಅಂಟಿಸಿದ ಚೀಟಿ ಅದು. ತುಳುವರ ಭೂತಾರಾಧನೆಯ ಬಗ್ಗೆ ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ್ದು 1894ರಿಂದ ಅಚ್ಚಾದಾಗ ತಲೆಬರಹದಲ್ಲೇ ‘ಡೆವಿಲ್’ ಇತ್ತು. ‘ಪೇಗನ್’ ಅದಕ್ಕಿಂತ ಮೆತ್ತಗಿದೆ, ಆದರೆ ಅದೇ ಕಪಾಟಿನದು. ಇನ್ನು ನಮ್ಮ ಆರಿಕ್ಕಾಡಿಯ ಆಲಿ ಭೂತ ಮುಸ್ಲಿಂ ದೈವ. ಅದನ್ನು ಯಾವ ಲೆಕ್ಕದಲ್ಲಿ ಪೇಗನ್ ಅನ್ನುತ್ತೀರಿ? ‘ಊರಿನ ದೈವಗಳ ಆರಾಧನೆ’ ಅಂತ ಬರೆದು ಮುಂದೆ ಹೋಗಿ. ಬರೆದವರಿಗೆ ಒಂದು ಮಾತು ತಿಳಿಸಿ. ಬೇಡ ಅನ್ನಲಿಕ್ಕಿಲ್ಲ.

— ಕುಂಬಳೆ

ಊರಿನ ದೈವ ಅಂದರೂ ಮಾಗಣೆಯ ದೈವ ಅಂದರೂ ಒಂದೇ. ನಾನು ಹೇಳಿದ್ದೂ ಅದನ್ನೇ.

— ಮಂಜೇಶ್ವರ

ಅಲ್ಲ.

— ಉಪ್ಪಳ

ಎಲ್ಲರಿಗೂ ಥ್ಯಾಂಕ್ಸ್. ಕುಂಬಳೆಯವರ ಮಾತಿನಂತೆ ಮಾಡಿದೆ. ಬರೆದವರಿಗೆ ಈಗಷ್ಟೇ ಫೋನ್ ಮಾಡಿದೆ, ಖುಷಿಯಿಂದ ಒಪ್ಪಿದರು. ಮೊದಲ ಸಾಲು: ‘ತೆಯ್ಯಂ ಊರಿನ ದೈವಗಳ ಆರಾಧನೆ.’ ಕೊನೆಯ ಸಾಲು: ‘ನಾನೂ ಪೇಗನ್. ನಮ್ಮಲ್ಲೂ ಮರಕ್ಕೆ, ನೀರಿಗೆ ಕೈ ಮುಗಿಯುತ್ತೇವೆ.’ ಎರಡನೆಯ ವಾಕ್ಯ ಓದುವವರಿಗೆ ಅರ್ಥ ಆಗಲಿ ಅಂತ ಅವರನ್ನೇ ಕೇಳಿ ಸೇರಿಸಿದ್ದು. ಅಂದ ಹಾಗೆ, ಉಪ್ಪಳದವರು ‘ಇಂಗ್ಲೆಂಡಿನವನು’ ಅಂತ ಬರೆದಿದ್ದಾರೆ. ಅವರು ಹೆಂಗಸು.

— ಬದಿಯಡ್ಕ

ಹಾಗಾದರೆ ಮಾಗಣೆಯವಳು.

— ಮಂಜೇಶ್ವರ